ಹುಲಕೋಟಿ ದಾಟಿದ ಮೇಲೆ ಒಂದು ಮಿಸ್ಡ್ ಕಾಲ್

"ದಿನಾ ಗದಗದಿಂದ ಹುಬ್ಬಳ್ಳಿಗೆ ಬಂದು ಹೋಗ್ತೀರಲ್ಲ, ಇಲ್ಲೇ ಒಂದು ಮನೆ ಮಾಡಬಾರದಾ?"

ಈ ಪ್ರಶ್ನೆ ಕೇಳದವರೇ ಇಲ್ಲ. ಆಫೀಸಿಗೆ ಹೊಸಬರು ಬಂದರೆ ಮೊದಲ ವಾರವೇ ಕೇಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು ಕೇಳುತ್ತಾರೆ. ತವರಿಗೆ ಹೋದರೆ ಅವ್ವ ನನ್ನ ಕಾಲು ನೋಡಿ ಕೇಳುತ್ತಾಳೆ. ಇಷ್ಟು ವರ್ಷ "ರೂಢಿ ಆಗೇದ್ರಿ" ಅಂತ ಹೇಳಿ ಸುಮ್ಮನಾಗುತ್ತಿದ್ದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ಉತ್ತರವೂ ಅಲ್ಲ.

ಕೇಳುವವರ ಲೆಕ್ಕ ಸರಿಯಾಗಿಯೇ ಇದೆ. ಗದಗದಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಸುಮಾರು 58 ಕಿಲೋಮೀಟರ್. ಮನೆಯಿಂದ ಸ್ಟೇಷನ್, ಸ್ಟೇಷನ್ನಿನಿಂದ ಆಫೀಸು, ಗಾಡಿಗೆ ಕಾಯುವುದು ಎಲ್ಲ ಸೇರಿಸಿದರೆ ದಿನಕ್ಕೆ ಮೂರೂವರೆ ಗಂಟೆ ದಾರಿಯಲ್ಲೇ ಹೋಗುತ್ತದೆ. ಒಂದೇ ಹಳಿ ಇದ್ದ ಕಾಲದಲ್ಲಿ ಎದುರು ಗಾಡಿ ಬರುವವರೆಗೆ ಅಣ್ಣಿಗೇರಿಯಲ್ಲಿ ಅರ್ಧ ಗಂಟೆ ನಿಂತದ್ದೂ ಉಂಟು. ಈಗ ಜೋಡಿ ಹಳಿ ಆಗಿದೆ, ಆ ಕಷ್ಟ ಕಡಿಮೆ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು ಅಂತ 2023ರಲ್ಲಿ ಉದ್ಘಾಟನೆ ಆಯಿತು. ಸಂಜೆ ದಣಿದ ಕಾಲಿಗೆ ಆ ಉದ್ದ ಚೆನ್ನಾಗಿ ಗೊತ್ತಾಗುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ ಅಂದರೆ, ನಾವು ಹುಬ್ಬಳ್ಳಿಯಲ್ಲಿ ಮನೆ ಮಾಡಿದ್ದೆವು. ವಿದ್ಯಾನಗರದಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ಗಾಳಿ ಬೆಳಕು ಚೆನ್ನಾಗಿತ್ತು, ನನ್ನ ಆಫೀಸು ಹತ್ತಿರ. ನಮ್ಮವರು ಗದಗದ ಹತ್ತಿರದ ಹಳ್ಳಿಯಲ್ಲಿ ಹೈಸ್ಕೂಲ್ ಮಾಸ್ತರು. "ಇಷ್ಟು ವರ್ಷ ನೀ ಓಡಾಡೀದಿ, ಇನ್ನ ನಾ ಓಡಾಡ್ತೀನಿ" ಅಂದರು. ಮಗಳಿಗೆ ಶಾಲೆ ಸಿಕ್ಕಿತು. ಅತ್ತೆ ತೀರಿಕೊಂಡು ಎರಡು ವರ್ಷ ಆಗಿತ್ತು, ಹಾಗಾಗಿ ಮಾವನೂ ನಮ್ಮ ಜೊತೆಗೇ ಬಂದರು. ಹನ್ನೊಂದು ತಿಂಗಳು ಇದ್ದೆವು.

ಮಾವನ ಬಗ್ಗೆ ಸ್ವಲ್ಪ ಹೇಳಬೇಕು. ಅವರು ಗದಗದ ಒಂದು ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಮೊಳೆ ಜೋಡಿಸಿದವರು. ಸೀಸದ ಒಂದೊಂದೇ ಅಕ್ಷರವನ್ನು ಕೇಸಿನಿಂದ ಹೆಕ್ಕಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ಒತ್ತಕ್ಷರ ಎಲ್ಲ ಸರಿಯಾಗಿ ಕೂಡಿಸುವ ಕೆಲಸ. ನಿವೃತ್ತಿಯ ನಂತರವೂ ಅವರ ದಿನಕ್ಕೆ ಒಂದು ಕಟ್ಟು ಇತ್ತು. ಐದಕ್ಕೆ ಏಳುವುದು. ವೀರನಾರಾಯಣನ ಗುಡಿಗೆ ಹೋಗುವುದು. ಕುಮಾರವ್ಯಾಸ ಕುಳಿತು ಭಾರತ ಬರೆದ ಅಂತ ಹೇಳುವ ಕಂಬದ ಹತ್ತಿರ ಸ್ವಲ್ಪ ಹೊತ್ತು ಕೂರುವುದು. ಆಮೇಲೆ ಹಳೆಯ ಪ್ರೆಸ್ಸಿನ ಗೆಳೆಯರ ಜೊತೆ ಚಹಾ. ಬರುವಾಗ ಕೈಯಲ್ಲಿ ಒಂದು ಸೂಡು ಮೆಂತೆ ತಪ್ಪಲು ಅಥವಾ ಹಕ್ಕರಕಿ.

ಹುಬ್ಬಳ್ಳಿಯಲ್ಲಿ ಅವರು ಒಂದು ದಿನವೂ ಬೇಜಾರು ಅಂದವರಲ್ಲ. ಒಂದು ಬೆಳಿಗ್ಗೆ ಆರಕ್ಕೆ ಎದ್ದು ಹೊರಗೆ ಬಂದೆ. ಮಾವ ಧೋತರ, ಅಂಗಿ, ಟೋಪಿ ಎಲ್ಲ ಹಾಕಿಕೊಂಡು, ಕಾಲಿಗೆ ಚಪ್ಪಲಿಯನ್ನೂ ಮೆಟ್ಟಿಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು.

"ಎಲ್ಲಿಗೆ ಹೊಂಟೀರಿ ಮಾವಾರ?"

"ಎಲ್ಲಿಗೂ ಇಲ್ಲವಾ. ಸುಮ್ನ ಹಾಕ್ಕೊಂಡೆ."

ಆ ಮಾತು ಕೇಳಿ ಒಳಗೆ ಹೋದವಳು ಚಹಾಕ್ಕೆ ಇಟ್ಟ ನೀರು ಕುದ್ದು ಬತ್ತುವವರೆಗೂ ಹಾಗೇ ನಿಂತಿದ್ದೆ.

ಮಾವನೊಬ್ಬರ ಸಲುವಾಗಿ ವಾಪಸ್ ಬಂದೆವು ಅಂತ ಹೇಳಿದರೆ ಮಾತ್ರ ತಪ್ಪಾಗುತ್ತದೆ. ಅಲ್ಲಿದ್ದಾಗ ನಾನು ಸಂಜೆ ಆರಕ್ಕೇ ಮನೆಯಲ್ಲಿರುತ್ತಿದ್ದೆ. ಉಳಿದ ಹೊತ್ತಿನಲ್ಲಿ ಮಗಳಿಗೆ ಕಥೆ ಹೇಳಬೇಕು, ಎಲ್ಲರೂ ಕೂತು ಮಾತಾಡಬೇಕು ಅಂತ ಬಹಳ ಆಸೆ ಇತ್ತು. ಆದದ್ದೇ ಬೇರೆ. ಮಗಳು ಏಳಕ್ಕೆ ಟಿವಿ ಮುಂದೆ ಉಣ್ಣುತ್ತಿದ್ದಳು. ಮಾವ ಏಳೂವರೆಗೆ. ನಮ್ಮವರು ಬರುವಾಗ ಎಂಟೂವರೆ, ಅವರಿಗೆ ಮತ್ತೆ ಬಿಸಿ ಮಾಡಬೇಕು. ನಾನು ಯಾವಾಗ ಉಂಡೆ ಅಂತ ನನಗೇ ನೆನಪಿರುತ್ತಿರಲಿಲ್ಲ. ಹೊತ್ತು ಬೇಕಾದಷ್ಟಿತ್ತು, ಆದರೆ ನಾಲ್ಕು ಜನ ಒಂದು ಕಡೆ ಸೇರುತ್ತಿರಲಿಲ್ಲ.

ಗದಗದ ಮನೆಯಲ್ಲಿ ನಾನು ಬಂದು ಕೈಕಾಲು ತೊಳೆಯುವುದರಲ್ಲಿ ಏಳೂವರೆ. ಇನ್ನು ಉಳಿದಿರುವುದು ಒಂದೇ ಕೆಲಸ, ಊಟ. ಅಡುಗೆಮನೆಯಲ್ಲೇ ನೆಲದ ಮೇಲೆ ನಾಲ್ಕು ತಾಟು. ನಾನು ರೊಟ್ಟಿ ಬಡಿಯುತ್ತಿದ್ದರೆ ಒಲೆಯ ಹತ್ತಿರವೇ ಮಗಳ ಪಾಠ, ಮಾವನ ಊರ ಸುದ್ದಿ, ನಮ್ಮವರ ಶಾಲೆಯ ತಕರಾರು. ಬಿಸಿ ರೊಟ್ಟಿ ಆರುವ ಮೊದಲು ಉಣ್ಣಬೇಕಲ್ಲ, ಅದಕ್ಕೆ ಎಲ್ಲರೂ ಒಟ್ಟಿಗೇ ಕೂರುತ್ತಾರೆ.

ವಾಪಸ್ ಹೋಗೋಣ ಅಂತ ಮೊದಲು ಬಾಯಿ ಬಿಟ್ಟವಳು ನಾನೇ. ಸಾಮಾನು ಕಟ್ಟುವಾಗ ಮಾವನ ಟ್ರಂಕಿನಲ್ಲಿ ಒಂದು ಸಣ್ಣ ತಗಡಿನ ಡಬ್ಬಿ ಸಿಕ್ಕಿತು. ಒಳಗೆ ದಾರದಿಂದ ಬಿಗಿಯಾಗಿ ಸುತ್ತಿದ ಐದಾರು ಸೀಸದ ಮೊಳೆ. ನನಗೆ ಓದಲಾಗಲಿಲ್ಲ. ಮಗಳು ಅದನ್ನು ಕನ್ನಡಿಗೆ ಹಿಡಿದು, "ಮಮ್ಮಿ, ನಿನ್ನ ಹೆಸರು!" ಅಂದಳು. 2009ರಲ್ಲಿ ನಮ್ಮ ಮದುವೆಯ ಹೊತ್ತಿಗೆ ಅವರ ಪ್ರೆಸ್ಸಿಗೂ ಕಂಪ್ಯೂಟರ್ ಬಂದಾಗಿತ್ತು. ಆದರೂ ಮಗನ ಲಗ್ನಪತ್ರಿಕೆಯ ಮೊಳೆಗಳನ್ನು ಮಾವ ತಾವೇ ಕೂತು ಜೋಡಿಸಿದ್ದರಂತೆ. ಅಚ್ಚಾದ ಮೇಲೆ ಉಳಿದ ಅಕ್ಷರಗಳನ್ನೆಲ್ಲ ಕೇಸಿಗೆ ಹಾಕಿ, ಬರುವ ಸೊಸೆಯ ಹೆಸರನ್ನು ಮಾತ್ರ ಬಿಚ್ಚದೆ ಎತ್ತಿಟ್ಟುಕೊಂಡಿದ್ದರು. ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಕೇಳಿದರೆ, "ಹೆಸರ ಬಿಚ್ಚಲಿಕ್ಕೆ ಮನಸ್ಸಾಗಲಿಲ್ಲವಾ" ಅಂದರು. ಒತ್ತಕ್ಷರ ಸ್ವಲ್ಪ ಸವೆದಿದೆ. ಆ ಡಬ್ಬಿ ಈಗ ನಮ್ಮ ದೇವರ ಜಗಲಿಯ ಮೇಲಿದೆ.

"ಗದಗದಾಗ ನೀರಿನ ತ್ರಾಸ ಬ್ಯಾರೆ" ಅಂತ ಕೆಲವರು ಹೇಳುತ್ತಾರೆ. ನಿಜ. ನಮ್ಮ ಓಣಿಯಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದಾಗಲೂ ಎಷ್ಟೋ ಸಲ ರಾತ್ರಿ ಎರಡಕ್ಕೆ, ಮೂರಕ್ಕೆ. ಸಂಪು, ಡ್ರಮ್ಮು, ಹಂಡೆ, ಕೊಡ ಎಲ್ಲ ತುಂಬಿಕೊಳ್ಳಬೇಕು. ಬಹಳ ದಿನ ನನಗೆ ಬೆಳಿಗ್ಗೆ ಎದ್ದ ಮೇಲೆಯೇ ಗೊತ್ತಾಗುತ್ತಿತ್ತು, ಎಲ್ಲ ತುಂಬಿರುತ್ತಿದ್ದವು. ಒಮ್ಮೆ ಬಾಯಾರಿ ಎದ್ದಾಗ ನೋಡಿದೆ. ನಮ್ಮವರು ಬಚ್ಚಲಲ್ಲಿ ಲೈಟೂ ಹಾಕದೆ, ಮೊಬೈಲ್ ಬೆಳಕಿನಲ್ಲಿ ನಿಂತಿದ್ದರು. ಖಾಲಿ ಕೊಡಕ್ಕೆ ನೀರು ಬಿದ್ದರೆ ಸದ್ದಾಗುತ್ತದೆ ಅಂತ ನಲ್ಲಿಯ ಬಾಯಿಗೆ ಹಳೆಯ ಪಂಚೆಯ ತುಂಡು ಕಟ್ಟಿ, ಅದರ ತುದಿಯನ್ನು ಕೊಡದ ತಳಕ್ಕೆ ಇಳಿಬಿಟ್ಟಿದ್ದರು. ನೀರು ಬಟ್ಟೆಗುಂಟ ಸದ್ದಿಲ್ಲದೆ ಇಳಿಯುತ್ತಿತ್ತು. ನಾನು ನಿಂತದ್ದು ನೋಡಿ, "ಮಲ್ಕೋ ಹೋಗ, ಮುಂಜಾನೆ ಗಾಡಿ ಅದ ನಿಂದು" ಅಂದರು.

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಬಾಯಿಬಿಟ್ಟು ಪ್ರೀತಿಯ ಮಾತು ಆಡಿದ್ದು ಕಡಿಮೆ. ನನಗೆ ಆ ಪಂಚೆಯ ತುಂಡು ಸಾಕು.

ಈ ಓಡಾಟದಲ್ಲಿ ನಾನು ಕಳೆದುಕೊಂಡದ್ದೂ ಇದೆ. ಮಗಳ ಶಾಲೆಯ ಗ್ಯಾದರಿಂಗಿಗೆ ಎರಡು ಸಲ ಹೋಗಲಾಗಲಿಲ್ಲ, ಆ ನೋವು ಇನ್ನೂ ಇದೆ. ಮನೆಯಲ್ಲಿ ಎಳೆಗೂಸು ಇರುವವರು, ಕಾಲು ಸೊಂಟ ನೋವಿರುವವರು ಕೇಳಿದರೆ ಕೆಲಸದ ಊರಿನಲ್ಲೇ ಮನೆ ಮಾಡಿ ಅಂತಲೇ ನಾನೂ ಹೇಳುತ್ತೇನೆ.

ಸಂಜೆ ಗಾಡಿಯಲ್ಲಿ ಕಿಟಕಿ ಸಿಕ್ಕರೆ ದಾರಿ ಉದ್ದಕ್ಕೂ ಎರೆ ಹೊಲ. ಹಿಂಗಾರಿಯಲ್ಲಿ ಕಡಲೆ, ಬಿಳಿಜೋಳ, ಕುಸುಬಿ. ಅಣ್ಣಿಗೇರಿ ಹೋಯಿತು ಅಂದರೆ ಫೋನ್ ಕೈಗೆ ತೆಗೆದುಕೊಳ್ಳುತ್ತೇನೆ. ಹುಲಕೋಟಿ ದಾಟಿದ ಕೂಡಲೇ ಮಾವನಿಗೆ ಒಂದು ಮಿಸ್ಡ್ ಕಾಲ್. ಅವರು ಎತ್ತುವುದಿಲ್ಲ, ಎತ್ತಬಾರದು ಅಂತಲೇ ನಮ್ಮ ಒಪ್ಪಂದ. ರಿಂಗ್ ನಿಂತ ಮೇಲೆ ಎದ್ದು, ಹಿಟ್ಟು ನಾದಲು ನನಗೆ ಬೇಕಾಗುವ ನೀರನ್ನು ಒಲೆಯ ಮೇಲೆ ಎಸರಿಗೆ ಇಟ್ಟು, ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಕಾಲಲ್ಲಿ ಚಪ್ಪಲಿ ಇರುವುದಿಲ್ಲ.