ಮಂಗಳೂರಿನವರು ಮನೆಯಲ್ಲಿ ಯಾವ ಭಾಷೆ ಮಾತಾಡ್ತೀರಿ?

ಬೆಂಗಳೂರಿಗೆ ಬಂದ ಮೇಲೆ ಪರಿಚಯವಾದವರೆಲ್ಲ ಇದನ್ನೇ ಕೇಳುತ್ತಾರೆ. ಹಿಂದೆಯೇ ಇನ್ನೊಂದು: 'ಅಷ್ಟೊಂದು ಭಾಷೆ ಇಟ್ಕೊಂಡು ಗೊಂದಲ ಆಗಲ್ವಾ?'

ನಮ್ಮ ಮನೆಯಲ್ಲಿ ತುಳು. ಗೊಂದಲ ಏನೂ ಇಲ್ಲ, ಆಳು ನೋಡಿ ನಾಲಗೆ ಹೊರಳುತ್ತದೆ ಅಷ್ಟೇ. ಮೀನಿನವಳ ಹತ್ತಿರ 'ಬಂಗುಡೆ ಏತ್?' ಅಂದ ಬಾಯಿ, ದಾರಿಯಲ್ಲಿ ಟೀಚರ್ ಸಿಕ್ಕಿದರೆ ತಾನಾಗಿಯೇ ಕನ್ನಡಕ್ಕೆ ಬರುತ್ತದೆ. ಅಂಗಡಿಯ ಬ್ಯಾರಿಯವರು, ಅಂದರೆ ನಮ್ಮ ಕರಾವಳಿಯ ಮುಸ್ಲಿಮರು, ಮಗನನ್ನು ಬೈಯುವುದು ಅವರ ಬ್ಯಾರಿ ಭಾಷೆಯಲ್ಲಿ, ನನಗೆ ಚಿಲ್ಲರೆ ಎಣಿಸಿ ಕೊಡುವುದು ತುಳುವಿನಲ್ಲಿ.

ಪಕ್ಕದ ಮನೆಯ ಬಾಯಮ್ಮನವರದು ಕೊಂಕಣಿ. ಸೆಪ್ಟೆಂಬರ್ 8ಕ್ಕೆ ಅವರಿಗೆ ಮೊಂತಿ ಫೆಸ್ತ್, ಕೆಥೋಲಿಕ್ ಕ್ರೈಸ್ತರು ಮಾತೆ ಮೇರಿಯ ಹುಟ್ಟುಹಬ್ಬಕ್ಕೆ ಮಾಡುವ ತೆನೆ ಹಬ್ಬ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ನಾಲ್ಕು ಕಾಳು ಸುಲಿದು, ಜಜ್ಜಿ, ಹಾಲಿಗೆ ಹಾಕಿ ಎಲ್ಲರಿಗೂ ಒಂದೊಂದು ಗುಟುಕು. ಮೀನಿಲ್ಲದೆ ಅನ್ನ ಇಳಿಯದ ಮನೆಯಲ್ಲಿ ಅವತ್ತು ಬರೀ ತರಕಾರಿ ಊಟ. ಅದೇ ಆಸುಪಾಸಿನಲ್ಲಿ ನಮಗೆ ಪುದ್ವಾರ್, ಹೊಸ ಅಕ್ಕಿಯ ಊಟ. ತೆನೆಯನ್ನು ಮಾವಿನೆಲೆ, ಹಲಸಿನೆಲೆ ಜತೆ ಸೇರಿಸಿ ಕಂಬಕ್ಕೆ ಕಟ್ಟುತ್ತೇವೆ.

'ಸಂಸ್ಕೃತಿಯ ವೈವಿಧ್ಯ ಅಂದ್ರೆ ಇದೇ ಅಲ್ವಾ!' ಅಂತ ಕೇಳಿದವರು ಖುಷಿಪಡುತ್ತಾರೆ. ನಾನೂ ಸುಮ್ನೆ ತಲೆಯಾಡಿಸುತ್ತಿದ್ದೆ. ಈಗೀಗ ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಯಾರು ಯಾರ ಭಾಷೆ ಕಲಿತರು? ಬಾಯಮ್ಮ ಗಾದೆ ಸಮೇತ ತುಳು ಮಾತಾಡುತ್ತಿದ್ದರು. ಇಪ್ಪತ್ತು ವರ್ಷ ಪಕ್ಕದಲ್ಲಿದ್ದೂ ನನ್ನ ಕೊಂಕಣಿ 'ಜೆವಣ್ ಜಾಲೆಂ?' (ಊಟ ಆಯ್ತಾ?) ದಾಟಲಿಲ್ಲ. ಜಾಸ್ತಿ ಜನ ಆಡುವ ಭಾಷೆಯವರಿಗೆ ಕಲಿಯುವ ದರ್ದು ಇರುವುದಿಲ್ಲ ನೋಡಿ.

ಆದರೂ ತುಳು, ಕೊಂಕಣಿ, ಬ್ಯಾರಿಗೆ ಸರ್ಕಾರದ ಅಕಾಡೆಮಿಗಳಿವೆ. ಕರಾವಳಿಯ ಬುಡಕಟ್ಟಿನವರಾದ ಕೊರಗರಿಗೂ ಅವರದೇ ಭಾಷೆ ಇದೆ. ಕಂಬಳಕ್ಕೆ ಅವರ ಡೋಲು ಬೇಕಿತ್ತು. ಅಜಲು ಅನ್ನುವ ಪದ್ಧತಿಯ ಹೆಸರಿನಲ್ಲಿ ಕೂದಲು, ಉಗುರು ಬೆರೆಸಿದ ಅನ್ನ ಅವರಿಗೆ ತಿನ್ನಿಸುತ್ತಿದ್ದದ್ದೂ ನಮ್ಮ ಕರಾವಳಿಯವರೇ. ಅದನ್ನು ನಿಷೇಧಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ಬುಟ್ಟಿ ಮಾರಲು ನಮ್ಮ ಮನೆಗೆ ಬರುತ್ತಿದ್ದ ಕೊರಗರ ಅಜ್ಜಿ ಗೇಟಿನ ಹತ್ತಿರವೇ ನಿಂತು ಮಾತಾಡುತ್ತಿದ್ದರು, ತುಳುವಿನಲ್ಲಿ. ಅವರ ಭಾಷೆಯಲ್ಲಿ ಬುಟ್ಟಿಗೆ ಏನನ್ನುತ್ತಾರೆ ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.