ಜುಲೈನಲ್ಲಿ ನನ್ನ ಕಡಲು ಕಪ್ಪು

ಹೊಸನಗರದಲ್ಲಿ ಮಳೆ ಹಿಡಿದು ಇವತ್ತಿಗೆ ಹನ್ನೊಂದು ದಿನ. ಕರೆಂಟು ಬೆಳಿಗ್ಗೆ ಮುಖ ತೋರಿಸಿ ಹೋಗಿದೆ. ಇರುವ ಚಾರ್ಜಲ್ಲೇ ಜಗಲಿಯಲ್ಲಿ ಕೂತು ಅರಬ್ಬಿ ಸಮುದ್ರದ ನಕ್ಷೆ ತೆರೆದಿದ್ದೆ. ಅಮ್ಮ ಇಣುಕಿದಳು.

"ಎಂತದೇ ಅದು, ಬರೀ ಕಪ್ಪು?"

"ಕಡಲು."

"ಕಡಲು ಕಪ್ಪಿರ್ತದಾ?"

ಇರಲ್ಲ. ಮೋಡ ಅಡ್ಡ ಬಂದು ಉಪಗ್ರಹಕ್ಕೆ ಏನೂ ಕಾಣದ ಜಾಗವನ್ನು ನಕ್ಷೆಯಲ್ಲಿ ಕಪ್ಪು ಬಿಡುತ್ತೇವೆ. ನನ್ನ ಕೆಲಸ ಕಡಲಿನ ಬಣ್ಣ ನೋಡಿ ಅದರಲ್ಲಿ ಫೈಟೋಪ್ಲಾಂಕ್ಟನ್ ಎಷ್ಟಿದೆ ಅಂತ ಲೆಕ್ಕ ಹಾಕುವುದು. ಅಮ್ಮನಿಗೆ ಹೇಳಿರುವುದು 'ಕಣ್ಣಿಗೆ ಕಾಣದ ಪಾಚಿ' ಅಂತ. ಅದರೊಳಗಿನ ಕ್ಲೋರೋಫಿಲ್ ನೀಲಿ ಬೆಳಕನ್ನು ಹೀರುತ್ತದೆ, ಹಸಿರನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹಾಗಾಗಿ 443 ನ್ಯಾನೋಮೀಟರ್ ತರಂಗಾಂತರದ ನೀಲಿಯನ್ನು 555ರ ಆಸುಪಾಸಿನ ಹಸಿರಿನ ಜೊತೆ ತೂಗಿ ನೋಡುತ್ತೇವೆ. ನೀಲಿ ಕಮ್ಮಿಯಾದಷ್ಟೂ ಪಾಚಿ ಜಾಸ್ತಿ. ಕೇಳಲು ಸುಲಭ, ಅಲ್ವಾ? ಆದರೆ ಉಪಗ್ರಹ ಇರುವುದು ಏಳುನೂರಕ್ಕೂ ಹೆಚ್ಚು ಕಿಲೋಮೀಟರ್ ಮೇಲೆ. ಅದಕ್ಕೆ ಸಿಗುವ ಬೆಳಕಿನಲ್ಲಿ ನೂರಕ್ಕೆ ತೊಂಬತ್ತು ಪಾಲು ನಡುವಿನ ಗಾಳಿ ಚದುರಿಸಿದ್ದು. ಅದನ್ನೆಲ್ಲ ಕಳೆದು ಉಳಿದ ಚೂರಲ್ಲಿ ಪಾಚಿ ಹುಡುಕಬೇಕು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಎಡವಟ್ಟು ಮಾಡಿದ್ದೆ. ಹೊನ್ನಾವರದ ಅಳಿವೆಯ ಎದುರು ಭರ್ಜರಿ ಕ್ಲೋರೋಫಿಲ್ ಕಂಡಿತು. ಖುಷಿಯಿಂದ ಮೇಡಂಗೆ ಚಿತ್ರ ಕಳಿಸಿದೆ. ಅವರು ಕೇಳಿದ್ದು ಒಂದೇ: "ಅಲ್ಲಿಗೆ ಯಾವ ಹೊಳೆ ಬಂದು ಸೇರ್ತದೆ?" ಶರಾವತಿ! ನಮ್ಮ ಹಿತ್ತಿಲಿನ ನೀರೂ ಅದಕ್ಕೇ ಹೋಗುವುದು. ಮಳೆಗಾಲದಲ್ಲಿ ತೋಟದ ಕಾಲುವೆಯಲ್ಲಿ ಕೊಳೆತ ಸೊಪ್ಪಿನ ನೀರು ಅಡಿಕೆ ಬೇಯಿಸಿದ ತೆಳು ಚೊಗರಿನ ಹಾಗೆ ಹರಿಯುತ್ತದಲ್ಲ, ಆ ಬಣ್ಣವೂ ನೀಲಿಯನ್ನು ಹೀರುತ್ತದೆ. ಮಣ್ಣು ಬೇರೆ ಸೇರಿರುತ್ತದೆ. ನೀಲಿ-ಹಸಿರಿನ ಲೆಕ್ಕಕ್ಕೆ ಚೊಗರೂ ಒಂದೇ, ಪಾಚಿಯೂ ಒಂದೇ. ಅವತ್ತಿಂದ ದಡದ ಹತ್ತಿರದ ಹಸಿರು ಅಂದರೆ ನನಗೆ ಅನುಮಾನ.

ಕಡಲಿನ ಬಣ್ಣ ನೋಡುವ ಓಷನ್‌ಸ್ಯಾಟ್-1 ಉಪಗ್ರಹವನ್ನು ಇಸ್ರೋ ಹಾರಿಸಿದ್ದು 1999ರ ಮೇ ತಿಂಗಳಲ್ಲಿ. ನಾನು ಹುಟ್ಟಿದ ವರ್ಷ. ಆಮೇಲೆ 2009ರಲ್ಲಿ ಒಂದು, 2022ರಲ್ಲಿ ಇನ್ನೊಂದು. ಬೇರೆ ದೇಶಗಳದ್ದೂ ಸೇರಿಸಿದರೆ 1997ರಿಂದ ಅಳತೆಯ ಸಾಲು ಹೆಚ್ಚುಕಮ್ಮಿ ಕಡಿದಿಲ್ಲ. ಆದರೆ ನಮ್ಮ ಕರಾವಳಿಯ ಮಟ್ಟಿಗೆ ಪ್ರತಿ ವರ್ಷ ಜೂನ್‌ನಿಂದ ಸೆಪ್ಟೆಂಬರ್ ತನಕ ನಕ್ಷೆ ತೂತು ಬಿದ್ದ ಕಂಬಳಿ.

ಹೊಟ್ಟೆ ಉರಿಯುವುದು ಇಲ್ಲೇ. ಪಾಚಿ ಉಕ್ಕುವುದೂ ಆ ತಿಂಗಳುಗಳಲ್ಲೇ. ಮುಂಗಾರಿನ ಹೊತ್ತಿಗೆ ಮೇಲಿನ ನೀರು ದಡ ಬಿಟ್ಟು ಆಚೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣನೆ ನೀರು ಪಾಚಿಗೆ ಬೇಕಾದ ಗೊಬ್ಬರ ಹೊತ್ತು ಏರುತ್ತದೆ. ಭೂತಾಯಿ, ಬಂಗುಡೆ ಮೀನಿಗೆಲ್ಲ ಹಬ್ಬದೂಟ. ದೊಡ್ಡ ದೋಣಿಗಳಿಗೆ ಜುಲೈ 31ರ ತನಕ ರಜೆ, ಗಂಗೊಳ್ಳಿಯಿಂದ ಹುಲಿಕಲ್ ಘಾಟಿ ಹತ್ತಿ ಬರುವ ಮೀನಿನ ಬೈಕಿನ ಹಾರನ್ನೂ ಇಲ್ಲ, ನಾವು ಒಣಮೀನು ಸುಟ್ಟುಕೊಂಡು ಕೂತಿರುತ್ತೇವೆ. ಮೇಲಿಂದ ನೋಡುವ ನನಗೂ ಮೋಡ. ನಮ್ಮ ಹಂಚಿನ ಮೇಲೆ ಸುರಿಯಲು ಹೊರಟ ಅದೇ ಮೋಡ!

ನಾವು 'ತಿಂಗಳ ಸರಾಸರಿ' ಅಂತ ಕೊಡುವುದು ನಿಜಕ್ಕೂ ಮೋಡ ಸರಿದು ಹೊಳವಾದ ದಿನಗಳ ಸರಾಸರಿ. ಬಟ್ಟೆ ಒಣಗಿದ ದಿನ ಮಾತ್ರ ಡೈರಿ ಬರೆದು, ಜುಲೈನಲ್ಲಿ ಮಲೆನಾಡು ಹೀಗಿರ್ತದೆ ಅಂದ ಹಾಗೆ. ಇತ್ತೀಚೆಗೆ ಕ್ಲೋರೋಫಿಲ್ ಅಳೆಯುವ ಆರ್ಗೋ ಫ್ಲೋಟುಗಳಿವೆ, ನೀರೊಳಗೆ ಮುಳುಗಿ ಏಳುವಂಥವು. ಮೋಡದ ಹಂಗಿಲ್ಲ. ಆದರೆ ಅಷ್ಟು ದೊಡ್ಡ ಕಡಲಿಗೆ ಅವು ಬೆರಳೆಣಿಕೆ.

ಇವತ್ತು ಮಧ್ಯಾಹ್ನ ಅರ್ಧ ಗಂಟೆ ಹೊಳವಾಯಿತು. ಅಮ್ಮ ಬಟ್ಟೆ ಅಂಗಳಕ್ಕೆ ತಂದಳು. ನಾನು ಸಿಗ್ನಲ್ ಸಿಗುವ ಗುಡ್ಡ ಹತ್ತಿ ನಿನ್ನೆಯ ಚಿತ್ರ ಇಳಿಸಿದೆ. ಗಂಗೊಳ್ಳಿಯ ಎದುರು ಹದಿನಾಲ್ಕು ಚುಕ್ಕೆ ಬಣ್ಣ, ಉಳಿದಿದ್ದೆಲ್ಲ ಕಪ್ಪು. ಚೊಗರೋ ಪಾಚಿಯೋ ಅಂತ ದೊಡ್ಡದು ಮಾಡಿ ನೋಡುವಷ್ಟರಲ್ಲಿ ಕೆಳಗಿಂದ ಅಮ್ಮನ ಕೂಗು: "ಮಳೆ ಬಂತು, ಬಟ್ಟೆ ತೆಗಿಯೇ!"