ಒಂದೇ ಸಂಜೆಮಲ್ಲಿಗೆ ಗಿಡದಲ್ಲಿ ಎರಡು ಬಣ್ಣ ಹೇಗೆ, ಕಸಿ ಕಟ್ಟಿದ್ದೀರಾ?

ಮಡಿಕೇರಿ ಹತ್ತಿರದ ನಮ್ಮ ಹೋಂಸ್ಟೇಗೆ ಬಂದವರು ಸಂಜೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಇಳಿದರೆ ಮೊದಲು ಕೇಳುವುದು ಇದನ್ನೇ. ಅಲ್ಲಿರುವ ಸಂಜೆಮಲ್ಲಿಗೆ ಗಿಡದಲ್ಲಿ ಬರೀ ಹಳದಿ ಹೂವಿದೆ, ಹಳದಿ ಮೇಲೆ ಕೆಂಪು ಚಿಮುಕಿಸಿದಂಥ ಹೂವಿದೆ, ಅರ್ಧ ಹಳದಿ ಅರ್ಧ ಕೆಂಪಿನದೂ ಇದೆ, ಒಂದು ಕೊಂಬೆಯಲ್ಲಂತೂ ಪೂರ್ತಿ ಕೆಂಪು. ಕಸಿ ಕಟ್ಟಿದ್ದೀರಾ, ಏನಾದ್ರೂ ಗೊಬ್ಬರ ಹಾಕ್ತೀರಾ, ಪಕ್ಕದ ಗಿಡದ ಪರಾಗ ಬಿತ್ತಾ ಅಂತ ಕೇಳುತ್ತಾರೆ.

ಮೂರೂ ಅಲ್ಲ. ಗೊಬ್ಬರದ ಅನುಮಾನ ಬರುವುದು ಹೈಡ್ರೇಂಜಿಯಾ ನೋಡಿದವರಿಗೆ. ಅದು ನಮ್ಮ ಹುಳಿ ಮಣ್ಣಿನಿಂದ ಅಲ್ಯೂಮಿನಿಯಂ ಹೀರಿಕೊಂಡು ನೀಲಿಯಾಗುತ್ತದೆ, ಸುಣ್ಣ ಹಾಕಿದರೆ ಗುಲಾಬಿ ಕಡೆ ತಿರುಗುತ್ತದೆ. ಸಂಜೆಮಲ್ಲಿಗೆಯ ಕಥೆ ಬೇರೆ. ಇನ್ನು ಪರಾಗ ಬಿದ್ದರೆ ಅದರ ಫಲ ಕಾಣುವುದು ಬೀಜದಿಂದ ಬರುವ ಮುಂದಿನ ಗಿಡದಲ್ಲಿ, ಈಗ ಅರಳಿರುವ ಹೂವಿನಲ್ಲಲ್ಲ. ಅದೂ ಅಲ್ಲದೆ ಕೆಂಪು, ಬಿಳಿ ಗಿಡ ಕೂಡಿಸಿದರೆ ಮರಿ ಗಿಡಗಳಲ್ಲಿ ಗುಲಾಬಿ ಹೂ ಬರುತ್ತದೆ, ಪಟ್ಟೆ ಅಲ್ಲ. ಜರ್ಮನಿಯ ಸಸ್ಯವಿಜ್ಞಾನಿ ಕಾರ್ಲ್ ಕೊರೆನ್ಸ್ ಇದನ್ನು ಇದೇ ಸಂಜೆಮಲ್ಲಿಗೆಯಲ್ಲಿ ತೋರಿಸಿದ್ದರು.

ಈ ಹೂವಿನ ಕೆಂಪು, ದಾಸವಾಳದ ಕೆಂಪಿನ ಜಾತಿಯದಲ್ಲ. ಪಲ್ಯ ಮಾಡುವಾಗ ಕೈಗೆ ಹತ್ತುವ ಬೀಟ್‌ರೂಟ್ ಬಣ್ಣವಿದೆಯಲ್ಲ, ಅದರ ಬಳಗದ್ದು, ಬೀಟಾಲೈನ್. ಹಳದಿಯೂ ಅದೇ ಬಳಗವೇ. ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಗಿಡ ಇವೆರಡನ್ನೂ ಮಾಡುತ್ತದೆ, ಆದರೆ ಕೆಂಪಾಗಲು ಇನ್ನೊಂದು ಕಿಣ್ವ, ಅಂದರೆ ಎಂಜೈಮ್, ಬೇಕು. ಆ ಕಿಣ್ವದ ಜೀನ್ ಕೆಟ್ಟರೆ ಹೂ ಹಳದಿಯಲ್ಲೇ ನಿಲ್ಲುತ್ತದೆ.

ನನಗೆ ತುಂಬಾ ಇಷ್ಟವಾದ ಭಾಗ ಈಗ ಬರುತ್ತದೆ. ಇಂಥ ಗಿಡಗಳಲ್ಲಿ ಆ ಜೀನ್ ಸುಮ್ನೆ ಕೆಟ್ಟಿರುವುದಿಲ್ಲ, ಅದರ ನಡುವೆ ಜಾಗ ಬದಲಿಸುವ ಡಿಎನ್‌ಎಯ ಒಂದು ತುಂಡು ಬಂದು ಕೂತಿರುತ್ತದೆ, ಜಿಗಿಯುವ ಜೀನ್ ಅನ್ನುತ್ತಾರಲ್ಲ, ಅದು. 2014ರಲ್ಲಿ ಜಪಾನಿನ ಸಂಶೋಧಕರು ಸಂಜೆಮಲ್ಲಿಗೆಯಲ್ಲೇ ಇದನ್ನು ಹಿಡಿದು ತೋರಿಸಿದರು. ಹೂ ಬೆಳೆಯುವಾಗ ಯಾವುದೋ ಒಂದು ಜೀವಕೋಶದಲ್ಲಿ ಆ ತುಂಡು ಎದ್ದು ಹೋದರೆ ಜೀನ್ ಮತ್ತೆ ಕೆಲಸ ಶುರುಮಾಡುತ್ತದೆ, ಆ ಕೋಶವೂ ಅದರಿಂದ ಹುಟ್ಟಿದ ಕೋಶಗಳೂ ಕೆಂಪಾಗುತ್ತವೆ. ಮೊಗ್ಗು ಬಲಿತ ಮೇಲೆ ಎದ್ದರೆ ಸಣ್ಣ ಚುಕ್ಕಿ. ಬೇಗ ಎದ್ದರೆ ಅರ್ಧ ಹೂವೇ ಕೆಂಪು. ಕೊಂಬೆ ಚಿಗುರುವಾಗಲೇ ಎದ್ದರೆ ಇಡೀ ಕೊಂಬೆ. ಅಂದರೆ ಚುಕ್ಕಿಯ ಅಳತೆ ನೋಡಿ ಅದು ಯಾವಾಗ ಎದ್ದಿತು ಅಂತ ಅಂದಾಜು ಮಾಡಬಹುದು. ಅಮೆರಿಕದ ವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ 1940ರ ದಶಕದಲ್ಲಿ ಮುಸುಕಿನ ಜೋಳದ ಕಾಳಿನ ಚುಕ್ಕಿಗಳನ್ನು ಹೀಗೆಯೇ ಓದಿದ್ದರು. ನೊಬೆಲ್ ಸಿಕ್ಕಿದ್ದು 1983ರಲ್ಲಿ. ಎಷ್ಟು ಕಾದಿದ್ದಾರೆ, ಅಲ್ವಾ!

ಹೊರಡುವಾಗ ಎಲ್ಲರೂ ಕರಿಮೆಣಸಿನಂಥ ಆ ಕಪ್ಪು ಬೀಜ ಕೇಳುತ್ತಾರೆ. ಕೊಡುತ್ತೇನೆ, ಬೀಜ ವಿಷ, ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ ಅಂತ ಹೇಳಿಯೇ ಕೊಡುತ್ತೇನೆ. ಮೊದಲೊಮ್ಮೆ ಗೊತ್ತಿಲ್ಲದೆ ಕೆಂಪು ಕೊಂಬೆಯ ಬೀಜ ಕೊಟ್ಟಿದ್ದೆ, ತಗೊಂಡು ಹೋದ ಅಕ್ಕ ಫೋನ್ ಮಾಡಿ ಬಂದದ್ದೆಲ್ಲ ಹೆಚ್ಚುಕಡಿಮೆ ಕೆಂಪೇ ಅಂದರು. ಈಗ ಚುಕ್ಕಿ ಹೂವಿನ ಕೊಂಬೆಯಿಂದಲೇ ಆರಿಸುತ್ತೇನೆ.